ಸೊನ್ನೆಯ ಮೇಲಿನ ಚುಕ್ಕೆ

ಆ ಚುಕ್ಕೆಯನ್ನು ಇಟ್ಟವಳು ಲಾಸ್ಯ. ಒಂದು ಮಂಗಳವಾರ, ಬೆಳಗಿನ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ, ನೀಲಿ ಪೆನ್ನಿನಲ್ಲಿ, ನಾಲಿಗೆಯ ತುದಿಯನ್ನು ತುಸುವೇ ಹೊರಗಿಟ್ಟುಕೊಂಡು ಇಟ್ಟದ್ದು. ಎಳ್ಳಿನಷ್ಟು ಚುಕ್ಕೆ. ಅದು ತನ್ನ ಕೆಲಸಕ್ಕೇ ಸಂಚಕಾರ ತರುತ್ತದೆಂದು ಗೊತ್ತಿದ್ದರೆ ಇನ್ನಷ್ಟು ದೊಡ್ಡದಾಗಿ, ದುಂಡಗೆ, ನೋಡುವ ಹಾಗಾದರೂ ಇಡುತ್ತಿದ್ದಳೋ ಏನೋ.

ಮೇಟಗಳ್ಳಿಯ ಆ ಕಾರ್ಖಾನೆಯಲ್ಲಿ ಹುಣಸೆ ಬೀಜದಿಂದ ಗೋಂದಿನ ಪುಡಿ ತಯಾರಾಗುತ್ತದೆ. ಬಟ್ಟೆಗೆ ಬಣ್ಣದ ಅಚ್ಚು ಹಾಕುವವರು ಅದನ್ನು ಮೂಟೆಗಟ್ಟಲೆ ಕೊಳ್ಳುತ್ತಾರೆ. ಮಿಕ್ಕವರಿಗೆ ಅದು ಗೋಂದು. ಲಾಸ್ಯಳ ಪಾಲಿಗೆ ಮಾತ್ರ, ಕಣ್ಣಿಗೆ ಕಾಣದಷ್ಟು ಸಪೂರವಾದ, ಉದ್ದವೆಂದರೆ ಉದ್ದವಾದ, ಸಾವಿರಾರು ಮಣಿ ಪೋಣಿಸಿದ ಸರಗಳು. ನೀರಿಗೆ ಬಿದ್ದದ್ದೇ ತಡ, ಆ ಸರಗಳು ಮೈಮುರಿದು ಬಿಚ್ಚಿಕೊಂಡು ಅಕ್ಕಪಕ್ಕದ ನೀರನ್ನೆಲ್ಲ ಸೆರಗು ಹಿಡಿದು ನಿಲ್ಲಿಸಿಕೊಳ್ಳುತ್ತವೆ. ಪಾಪ, ಹೊರಟಿದ್ದ ನೀರಿಗೆ ತಡವಾಗುತ್ತದೆ. ಎಷ್ಟು ತಡವಾಯಿತು ಎಂದು ಅಳೆಯುವುದೇ ಲಾಸ್ಯಳ ಕೆಲಸ.

ಅಳೆಯುವುದಕ್ಕೊಂದು ಗಾಜಿನ ನಳಿಗೆಯಿದೆ. ಬಾಗಿದ ಮೈ, ಕೂದಲೆಳೆಯಷ್ಟು ಕಿರಿದಾದ ಗಂಟಲು, ಗಂಟಲಿನ ಮೇಲೊಂದು ಗುಂಡು ಹೊಟ್ಟೆ. ಆ ಹೊಟ್ಟೆಯ ಮೇಲೊಂದು ಗೆರೆ, ಕೆಳಗೊಂದು ಗೆರೆ. ಇಪ್ಪತ್ತೈದು ಡಿಗ್ರಿ ಬೆಚ್ಚಗಿರುವ ನೀರಿನ ತೊಟ್ಟಿಯಲ್ಲಿ ನಳಿಗೆಯನ್ನು ನಿಲ್ಲಿಸಿ, ದ್ರವವನ್ನು ಮೇಲೆ ಹೀರಿ, ಬಿಟ್ಟುಬಿಡಬೇಕು. ದ್ರವ ಮೇಲಿನ ಗೆರೆಗೆ ಇಳಿದಾಗ ಸ್ಟಾಪ್‌ವಾಚ್ ಒತ್ತಬೇಕು. ಕೆಳಗಿನ ಗೆರೆಗೆ ಬಂದಾಗ ಮತ್ತೊಮ್ಮೆ. ಬರೀ ನೀರಾದರೆ ನೂರು ಸೆಕೆಂಡು. ಚಿಟಿಕೆ ಗೋಂದು ಬಿದ್ದರೆ ನೂರಾ ಅರವತ್ತು. ಎರಡು ಚಿಟಿಕೆಗೆ ಇನ್ನೂರ ನಲವತ್ತು.

ಆದರೆ ಗೋಂದು ಹೆಚ್ಚಾದಂತೆ ಸರಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಯ ನೂಕುನುಗ್ಗಲಿನಲ್ಲಿ ಯಾರಿಂದ ಯಾರಿಗೆ ತಡವಾಯಿತು ಎಂದು ಹೇಳುವುದು ಹೇಗೆ? ಅದಕ್ಕೇ ನಾಲ್ಕು ಹದದಲ್ಲಿ ಗೋಂದು ಕಲಸಿ, ನಾಲ್ಕು ಸಲ ಅಳೆದು, ಚಿಟಿಕೆಯೊಂದಕ್ಕೆ ಎಷ್ಟು ತಡ ಎಂದು ಲೆಕ್ಕ ಹಾಕಿ, ಗ್ರಾಫಿನ ಹಾಳೆಯಲ್ಲಿ ನಾಲ್ಕು ಚುಕ್ಕೆ ಇಡುತ್ತಾರೆ. ನಾಲ್ಕನ್ನೂ ಸೇರಿಸಿ ಗೆರೆ ಎಳೆದು, ಆ ಗೆರೆಯನ್ನು ಎಡಗಡೆಗೆ, ಗೋಂದು ಸೊನ್ನೆಯಾಗುವ ಅಂಚಿನವರೆಗೆ ನಡೆಸಿಕೊಂಡು ಹೋಗುತ್ತಾರೆ. ಗೆರೆ ಅಂಚನ್ನು ಮುಟ್ಟಿದ ಜಾಗದಲ್ಲಿ ಐದನೆಯ ಚುಕ್ಕೆ. ಇಂಟ್ರಿನ್ಸಿಕ್ ವಿಸ್ಕಾಸಿಟಿ ಎಂದು ಪುಸ್ತಕ ಕರೆಯುವುದು ಅದನ್ನೇ. ಅಕ್ಕಪಕ್ಕ ಯಾರೂ ಇಲ್ಲದೆ, ತಾನೊಂದೇ ಇದ್ದಾಗ, ಸರವೊಂದರ ಸ್ವಂತ ಜಿಗುಟು. ಆ ಮಂಗಳವಾರ ಅದು ಐದು ಬಿಂದು ಎರಡು ಬಂದಿತ್ತು.

ಇಷ್ಟಾಗಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಆದರೆ ಲ್ಯಾಬಿನ ಮುಖ್ಯಸ್ಥರಾದ ಕರಿಬಸವಯ್ಯನವರದೊಂದು ಕಟ್ಟಳೆಯಿತ್ತು. ಹಿಂದೊಮ್ಮೆ ಯಾವುದೋ ತಪಾಸಣೆಯಲ್ಲಿ ರಿಜಿಸ್ಟರಿನ ಒಂದು ಮನೆ ಖಾಲಿ ಇದ್ದದ್ದಕ್ಕೆ ಅವರಿಗೆ ಮೂರು ಪುಟದ ವಿವರಣೆ ಬರೆಯುವ ಶಿಕ್ಷೆಯಾಗಿತ್ತು. ಅಂದಿನಿಂದ, "ಪ್ರಾಣ ಹೋದ್ರೂ ಖಾಲಿ ಬುಡಬ್ಯಾಡ ಕಣಮ್ಮ" ಎಂಬುದೇ ಅವರು ಹೊಸಬರಿಗೆ ಹೇಳುವ ಮೊದಲ ಪಾಠ. ಹಾಗಾಗಿ ಲಾಸ್ಯ ರಿಜಿಸ್ಟರಿನಲ್ಲಿ ನಾಲ್ಕು ಸಾಲು ಬರೆದ ಮೇಲೆ ಐದನೆಯ ಸಾಲನ್ನೂ ಬರೆದಳು. ಗೋಂದು: ಸೊನ್ನೆ. ನೋಡಿದ ಹೊತ್ತು: ಹನ್ನೊಂದು ನಲವತ್ತು. ನೋಡಿದವರು: ಲಾಸ್ಯ.

ಒಂಬತ್ತು ದಿನದ ಮೇಲೆ, ಗುರುವಾರ, ಆ ಸಾಲಿನ ಮೇಲೆ ಪೆನ್ಸಿಲಿನ ತುದಿಯಿಟ್ಟು ಸುಂದರೇಶ ಕೇಳಿದರು: "ಇದನ್ನ ಯಾರ್ರೀ ನೋಡಿದ್ದು?"

ಸುಂದರೇಶ ಲಕ್ಷ್ಮೀಪುರಂನವರು, ಗೋಂದು ಕೊಳ್ಳುವ ಕಂಪನಿಯ ಪರವಾಗಿ ಬಂದ ಆಡಿಟರ್. ಅವರ ಮುತ್ತಾತ ಅರಮನೆಯ ಗಡಿಯಾರಗಳಿಗೆ ಕೀಲಿ ಕೊಡುತ್ತಿದ್ದರಂತೆ. ಮರಿಮಗ ಮನುಷ್ಯರಿಗೇ ಕೀಲಿ ಕೊಡುತ್ತಾನೆ ಎಂದು ಸ್ಟೋರಿನ ಶಿವಪ್ರಕಾಶ್ ಬೆನ್ನ ಹಿಂದೆ ನಗುತ್ತಿದ್ದ. ಗರಿಗರಿ ಇಸ್ತ್ರಿಯ ಬಿಳಿ ಷರಟು, ಮುಖ ಕಾಣುವಷ್ಟು ಹೊಳೆಯುವ ಕಪ್ಪು ಬೂಟು. ಮೂವತ್ತು ವರ್ಷದಿಂದ ಎಲ್ಲಿಗೆ ಹೋದರೂ ಯಾರಾದರೊಬ್ಬರು ಫೈಲು ಹಿಡಿದುಕೊಂಡು ಅವರ ಹಿಂದೆಯೇ ನಡೆಯುತ್ತಿದ್ದರು.

"ನಾನೇ ಸರ್," ಎಂದಳು ಲಾಸ್ಯ.

"ಸೊನ್ನೆ ಗೋಂದು ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿದದ್ದನ್ನ ನೀವು ಕಣ್ಣಾರೆ ನೋಡಿದ್ರಿ?"

"ಇಳೀಲಿಲ್ಲ ಸರ್. ಗೆರೆ ಎಳೆದೆ. ಗೆರೆ ಅಲ್ಲಿಗೆ ಹೋಯ್ತು."

"ಗೆರೆ ಹೋಯ್ತು. ಸರಿ. ನೀವು ಹೋದ್ರಾ?"

ಸುಂದರೇಶ ಕರಿಬಸವಯ್ಯನವರ ಕಡೆ ತಿರುಗಿದರು. "ನೋಡಿ ಇವ್ರೇ, ಮೊದಲ ನಾಲ್ಕಕ್ಕೆ ಸೆಕೆಂಡಿನ ಲೆಕ್ಕ ಇದೆ. ಐದನೇದಕ್ಕೆ ಏನೂ ಇಲ್ಲ. ಆದ್ರೆ ನೋಡಿದವರು ಅಂತ ಈಯಮ್ಮನ ಹೆಸರಿದೆ. ನಮ್ಮಲ್ಲಿ ಇದನ್ನ ಸುಳ್ಳು ಅಂಕಿ ಅಂತೀವಿ."

"ಸಾರ್, ಅದು ಪುಸ್ತಕದಲ್ಲೇ ಅಂಗೆ ಐತೆ. ಸೊನ್ನೆ ಹತ್ರ ಅಂದಾಜು ಮಾಡೋದು..."

"ನಾನು ಕೆಮಿಸ್ಟ್ರಿ ಓದಿದವನಲ್ಲ ಕಣ್ರೀ, ಕಾಲಂ ಓದಿದವನು. ಕಾಲಮ್ಮಿನಲ್ಲಿ 'ನೋಡಿದವರು' ಅಂತಿದೆ. ಸಾಯಂಕಾಲ ಐದು ಗಂಟೆಯೊಳಗೆ ಸೊನ್ನೆ ಗೋಂದನ್ನ ನನ್ನ ಕಣ್ಣೆದುರಿಗೆ ಅಳೆದು ತೋರಿಸಿ. ಇಲ್ಲಾಂದ್ರೆ ವರದೀಲಿ ಸುಳ್ಳು ಅಂಕಿ ಅಂತ ಬರೀಬೇಕಾಗತ್ತೆ, ಹೆಸರು ಸಮೇತ."

ಕರಿಬಸವಯ್ಯನವರ ಮೇಜಿನ ಮೇಲೆ, ಪೇಪರ್‌ವೇಟಿನ ಕೆಳಗೆ, ಲಾಸ್ಯಳ ಕೆಲಸ ಕಾಯಂ ಮಾಡುವ ಪತ್ರ ಸಹಿಗಾಗಿ ಕಾದಿತ್ತು. ಅವಳ ಆರು ತಿಂಗಳ ಪ್ರೊಬೇಷನ್ ಮುಗಿಯುವುದು ಅಂದೇ. ಸುಳ್ಳು ಅಂಕಿಯವಳಿಗೆ ಯಾವ ಲ್ಯಾಬಿನಲ್ಲೂ ಜಾಗವಿಲ್ಲ.

ಲಾಸ್ಯಳಿಗೆ ಕೆಲಸಕ್ಕಿಂತ ಆ ಮಾತು ಚುಚ್ಚಿತು. ಅವಳು ಅಜ್ಜಿ ಸರ್ವಮಂಗಳಾ ಹೇಳಿದ ಕಥೆಗಳನ್ನು ಉಂಡು ಬೆಳೆದವಳು. ಶಾಲೆಗೆ ತಡವಾದರೆ, ದಾರಿಯಲ್ಲಿ ಒಂದು ನೆರಳು ತನ್ನ ಮನುಷ್ಯನನ್ನು ಕಳೆದುಕೊಂಡು ಅಳುತ್ತಿತ್ತು, ಸಮಾಧಾನ ಮಾಡಿ ಬಂದೆ ಎನ್ನುತ್ತಿದ್ದಳು. "ಲಾಸ್ಯ ಹೇಳಿದ್ದಾ? ಮುಕ್ಕಾಲು ಕಳೀರಿ," ಎಂದು ಒಂಟಿಕೊಪ್ಪಲಿನ ಮನೆಯಲ್ಲಿ ಚಿಕ್ಕಪ್ಪಂದಿರೆಲ್ಲ ನಗುತ್ತಿದ್ದರು. ಈ ಲ್ಯಾಬಿಗೆ ಬಂದ ಮೇಲೆ ಮಾತ್ರ ಅವಳ ಮಾತಿಗೆ ಪೂರ್ತಿ ಬೆಲೆ ಸಿಕ್ಕಿತ್ತು. ನೂರಾ ಅರವತ್ತು ಎಂದರೆ ನೂರಾ ಅರವತ್ತೇ. ಆರು ತಿಂಗಳಲ್ಲಿ ಅವಳು ಅರ್ಧ ಸೆಕೆಂಡನ್ನೂ ಕಟ್ಟಿ ಹೇಳಿರಲಿಲ್ಲ. ಈಗ ನೋಡಿದರೆ, ಮುಕ್ಕಾಲು ಕಳೆಯುವವರು ಮೇಟಗಳ್ಳಿಗೂ ಬಂದುಬಿಟ್ಟಿದ್ದರು.

ಕರಿಬಸವಯ್ಯನವರು ಹಣೆಯ ವಿಭೂತಿಗೆ ತಾಗದಂತೆ ಬೆವರೊರೆಸಿಕೊಂಡು ಎದ್ದು ನಿಂತರು. "ಸೊನ್ನೆ ತಾನೇ ಬೇಕಾಗಿರೋದು? ಮಾಡ್ಕೊಡೋಣ ಬುಡಿ ಸಾರ್. ಶೂನ್ಯ, ಬಯಲು ಅಂತ ಮಠದಲ್ಲಿ ದಿನಾ ಕೇಳ್ಕೊಂಡೇ ಬೆಳೆದೋನು ನಾನು."

ಅವರು ಒಂದು ಸೀಸೆ ಗೋಂದಿನ ನೀರು ತೆಗೆದುಕೊಂಡು ಅರ್ಧವನ್ನು ಇನ್ನೊಂದು ಸೀಸೆಗೆ ಬಗ್ಗಿಸಿ, ಅರ್ಧ ನೀರು ಬೆರೆಸಿದರು. ಅದರಲ್ಲಿ ಅರ್ಧ ಮತ್ತೊಂದಕ್ಕೆ ಬಗ್ಗಿಸಿ ಮತ್ತೆ ಅರ್ಧ ಬೆರೆಸಿದರು. ಮೇಜಿನ ಮೇಲೆ ಸಾಲಾಗಿ ಹದಿನಾರು ಸೀಸೆ ನಿಂತವು. ಹದಿನಾರನೆಯದನ್ನು ಬೆಳಕಿಗೆ ಹಿಡಿದು, "ಈಗ?" ಎಂದರು.

"ಇನ್ನೂ ಇದೆ ಸರ್," ಎಂದಳು ಲಾಸ್ಯ ಕುಗ್ಗಿದ ದನಿಯಲ್ಲಿ. "ಅರ್ಧ ಮಾಡ್ತಾ ಹೋದ್ರೆ ಅರ್ಧ ಉಳ್ಕೊಳ್ಳತ್ತೆ."

"ಯಾರ ಕಡೆ ಕಣಮ್ಮ ನೀನು?"

"ಅವ್ರು ಹೇಳಿದ್ದು ಸರಿ," ಎಂದರು ಸುಂದರೇಶ, ಪೆನ್ಸಿಲು ಆಡಿಸುತ್ತ.

ಶಿವಪ್ರಕಾಶ್ ಕುಡಿಯುವ ನೀರಿನ ಲೋಟವನ್ನೇ ತಂದಿಟ್ಟ. "ಇದ್ರಲ್ಲಿ ಗೋಂದು ಇಲ್ವೇ ಇಲ್ಲ ಸಾರ್. ಆಣೆ ಮಾಡ್ತೀನಿ."

"ಇದು ನೀರು. ನನಗೆ ಬೇಕಾದ್ದು ಗೋಂದು, ಸೊನ್ನೆ. ಗೋಂದೇ ಆಗಿರಬೇಕು, ಇರಬಾರದು."

ಕೊನೆಗೆ ಕರಿಬಸವಯ್ಯನವರು ಹದಿನಾರನೆಯ ಸೀಸೆಯನ್ನು ಪೂರ್ತಿ ಬಗ್ಗಿಸಿ, ಮೂರು ಸಲ ಗಲಬರಿಸಿ ಶುದ್ಧ ನೀರು ತುಂಬಿ, 'ಹುಣಸೆ ಬೀಜದ ಗೋಂದು: 0.00' ಎಂದು ಚೀಟಿ ಅಂಟಿಸಿದರು. ಸುಂದರೇಶ ಚೀಟಿಯನ್ನು ಎರಡೆರಡು ಸಲ ಓದಿದರು. ಅವರ ಮುಖ ಅರಳಿತು. ಚೀಟಿ ಇದ್ದ ಮೇಲೆ ವಸ್ತು ಇದ್ದಂತೆಯೇ. ಆದರೆ ರಿಜಿಸ್ಟರಿನಲ್ಲಿ ಇನ್ನೊಂದು ಮನೆ ಉಳಿದಿತ್ತು: ಯಾವಾಗ ಕೆಡುತ್ತದೆ?

"ಇಲ್ಲದ್ದು ಹೆಂಗೆ ಕೆಟ್ಟಾತು ಸಾರ್?" ಎಂದರು ಕರಿಬಸವಯ್ಯ.

"ಆರು ತಿಂಗ್ಳು ಹಾಕ್ಬುಡಿ," ಎಂದ ಶಿವಪ್ರಕಾಶ್. "ಸ್ಟೋರಲ್ಲಿ ಎಲ್ಲಕ್ಕೂ ಆರೇ ತಿಂಗ್ಳು."

ಆರು ತಿಂಗಳು ಎಂದು ಬರೆದು, ಸೊನ್ನೆಯನ್ನು ತೊಟ್ಟಿಯ ಪಕ್ಕದಲ್ಲಿಟ್ಟು, ಎಲ್ಲರೂ ಊಟಕ್ಕೆ ಹೋದರು. ಲಾಸ್ಯ ಮೊಸರನ್ನವನ್ನು ಕಲಸುತ್ತಲೇ ಕುಳಿತಳು. ಆ ಸೀಸೆಯನ್ನು ಅಳೆದರೆ ಬರುವುದು ಬರೀ ನೀರಿನ ನೂರು ಸೆಕೆಂಡು ಎಂದು ಅವಳಿಗೆ ಗೊತ್ತಿತ್ತು. ತಡವೂ ಸೊನ್ನೆ, ಗೋಂದೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಹೊರಟರೆ ಕ್ಯಾಲ್ಕುಲೇಟರೇ ಕೈ ಮುಗಿಯುತ್ತದೆ.

ಊಟ ಮುಗಿಸಿ ಬಂದಾಗ ಸೀಸೆ ಇರಲಿಲ್ಲ. ಲ್ಯಾಬಿನ ಪಾತ್ರೆ ತೊಳೆಯುವ ಬೀರಮ್ಮ ಹದಿನಾರನ್ನೂ ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕಿ, ಕೈ ಒರೆಸಿಕೊಳ್ಳುತ್ತಿದ್ದಳು.

"ಬೀರಮ್ಮ! ಇಲ್ಲಿದ್ದ ಸೀಸೆ?" ಕರಿಬಸವಯ್ಯನವರ ದನಿ ಕೀರಲಾಯಿತು.

"ತೊಳ್ದಾಕ್ಬುಟ್ಟೆ ಸಾರ್."

"ಅದ್ರಲ್ಲಿದ್ದದ್ದು?"

"ಏನೂ ಇರ್ನಿಲ್ಲ ಕಣ್ ಸಾರ್ ಅದ್ರಲ್ಲಿ!"

"ಅದೇ ಕಣಮ್ಮ! ಅದನ್ನೇ ಚೆಲ್ಬುಟ್ಟೆಯಲ್ಲ!"

ಬೀರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಬ್ಯಾರೆ ಮಾಡ್ಕೊಡ್ತೀನಿ ಬುಡಿ. ನಮ್ಮನೇಲಿ ಬೇಕಾದಷ್ಟು ಐತೆ."

ಸುಂದರೇಶ ಗಡಿಯಾರ ನೋಡಿಕೊಂಡರು. ಮೂರು ಗಂಟೆ. ಅವರು ವರದಿಯ ಹಾಳೆ ತೆಗೆದು ಪೆನ್ಸಿಲು ಬಿಟ್ಟು ಪೆನ್ನು ಹಿಡಿದದ್ದನ್ನು ಕಂಡಾಗ ಲಾಸ್ಯಳಿಗೆ ಎಲ್ಲಿಂದಲೋ ಧೈರ್ಯ ಬಂತು.

"ಸರ್, ಸೀಸೆ ಇದ್ದಿದ್ರೂ ಆಗ್ತಿರ್ಲಿಲ್ಲ. ಅದನ್ನ ನೋಡಕ್ಕೇ ಆಗಲ್ಲ. ಹೇಗೆ ಅಂತ ಹೇಳ್ಲಾ?"

"ಬೇಗ ಹೇಳಿ."

"ಒಬ್ಬ ರಾಜ ಇದ್ದ," ಎಂದುಬಿಟ್ಟಳು. ಕರಿಬಸವಯ್ಯನವರು ಕಣ್ಣು ಮುಚ್ಚಿಕೊಂಡರು. ಆದರೆ ಶುರುವಾದ ಕಥೆಯನ್ನು ನಡುದಾರಿಯಲ್ಲಿ ಬಿಟ್ಟು ಅವಳಿಗೆ ಅಭ್ಯಾಸವಿರಲಿಲ್ಲ.

ಆ ರಾಜನಿಗೆ ಒಂದು ಚಿಂತೆ ಹತ್ತಿತಂತೆ. ಯಾರೂ ಬಗ್ಗಿ ನೋಡದಿರುವಾಗ ಅರಮನೆಯ ಬಾವಿಯೊಳಗೆ ಏನಿರುತ್ತದೆ? ನಾಲ್ವರು ಭಟರನ್ನು ಕಳಿಸಿದ. ನೋಡಿ ಬಂದು, ನಾಲ್ಕು ಮುಖ ಇದ್ದವು ಮಹಾಪ್ರಭು ಎಂದರು. ಮೂವರನ್ನು ಕಳಿಸಿದ, ಮೂರು ಮುಖ. ಇಬ್ಬರನ್ನು ಕಳಿಸಿದ, ಎರಡು. ಒಬ್ಬನನ್ನೇ ಕಳಿಸಿದ, ಒಂದೇ ಮುಖ, ಅದೂ ಹೆದರಿಕೊಂಡಿತ್ತು ಎಂದ. ನನ್ನ ಬಾವಿಯಲ್ಲಿ ಯಾರ್ಯಾರು ಅಡಗಿದ್ದಾರೆ ಎಂದು ರಾಜ ಕತ್ತಿ ಹಿರಿದ. ಆಗ ನೀರು ಸೇದುವ ಹುಡುಗಿಯೊಬ್ಬಳು ಮುಂದೆ ಬಂದು ಹೇಳಿದಳಂತೆ: ನಾಲ್ವರಿಗೆ ನಾಲ್ಕು, ಮೂವರಿಗೆ ಮೂರು, ಇಬ್ಬರಿಗೆ ಎರಡು, ಒಬ್ಬನಿಗೆ ಒಂದು. ಹಾಗಾದರೆ ಯಾರೂ ಇಲ್ಲದಾಗ ಬಾವಿಯೊಳಗೆ ಬಾವಿ ಮಾತ್ರ ಇರುತ್ತದೆ. ನೀನು ನೋಡಿದೆಯಾ ಎಂದ ರಾಜ. ನೋಡಿದ್ದರೆ ಅಲ್ಲಿ ನಾನಿರುತ್ತಿದ್ದೆನಲ್ಲ ಪ್ರಭು, ಎಂದಳು ಹುಡುಗಿ.

"ಆಮೇಲೆ ರಾಜ ಏನು ಮಾಡಿದ?" ಎಂದರು ಸುಂದರೇಶ.

"ಅಷ್ಟೊತ್ತಿಗೆ ಅಜ್ಜಿ ನಿದ್ದೆ ಹೋಗ್ಬಿಡ್ತಿದ್ರು ಸರ್."

ಸುಂದರೇಶ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಕಥೆ ಪುರಾವೆ ಆಗಲ್ಲ. ಆದ್ರೆ ನಾಲ್ಕು, ಮೂರು, ಎರಡು, ಒಂದು... ಇದನ್ನ ಪರೀಕ್ಷೆ ಮಾಡಬಹುದು." ಎದ್ದು ಬಾಗಿಲ ಬಳಿ ಹೋಗಿ ಕಾರಿಡಾರನ್ನು ಈ ತುದಿಯಿಂದ ಆ ತುದಿಯವರೆಗೆ ದಿಟ್ಟಿಸಿದರು. ಎಂಬತ್ತು ಅಡಿ ಉದ್ದ, ಕೆಂಪು ಬಿಳಿ ಚೌಕದ ನೆಲ. "ಸೀಮೆಸುಣ್ಣ ತನ್ನಿ. ಈ ಬಾಗಿಲ ಹತ್ರ ಒಂದು ಗೆರೆ, ಆ ಮೆಟ್ಟಿಲ ಹತ್ರ ಒಂದು ಗೆರೆ. ಕಾರಿಡಾರೇ ನಳಿಗೆ."

"ದ್ರವ ಯಾವ್ದು ಸಾರ್?" ಎಂದ ಶಿವಪ್ರಕಾಶ್.

"ನಾನೇ ದ್ರವ," ಎಂದರು ಸುಂದರೇಶ.

ಯಾರೂ ನಗಲಿಲ್ಲ. ಅವರ ಬೂಟು ಅಷ್ಟು ಹೊಳೆಯುತ್ತಿತ್ತು.

ಜೊತೆಗೆ ನಡೆಯುವವರೇ ಗೋಂದು. ನಾಲ್ವರು ಬೇಕಾಗಿತ್ತು: ಕರಿಬಸವಯ್ಯ, ಶಿವಪ್ರಕಾಶ್, ಬೀರಮ್ಮ, ಸಾಲದ್ದಕ್ಕೆ ಗೇಟಿನ ಕಾವಲುಗಾರ ಚಿಕ್ಕಣ್ಣನನ್ನೂ ಕರೆಸಿದರು. ಲಾಸ್ಯಳ ಕೈಗೆ ಸ್ಟಾಪ್‌ವಾಚ್. ಉಷ್ಣಾಂಶ ಬರೆಯದ ಅಳತೆ ಅಳತೆಯೇ ಅಲ್ಲವೆಂದು ಸುಂದರೇಶ ಒಂದು ಥರ್ಮಾಮೀಟರನ್ನು ಚಿಕ್ಕಣ್ಣನ ಕೊರಳಿಗೆ ನೇತುಹಾಕಿದರು. ಚಿಕ್ಕಣ್ಣ ಅದನ್ನು ಯಾವುದೋ ಪದಕವೆಂದು ಭಾವಿಸಿ ಎದೆ ಉಬ್ಬಿಸಿದ.

ಮೊದಲ ಸುತ್ತಿಗೆ ಐವರೂ ಹೊರಟರು. ಚಿಕ್ಕಣ್ಣ ಪ್ರತಿ ಕೋಣೆಯ ಬಾಗಿಲಿಗೂ ನಿಂತು ಸೆಲ್ಯೂಟ್ ಹೊಡೆದ. ಕರಿಬಸವಯ್ಯನವರ ಮಂಡಿ ಕಟಕಟ ಎಂದಿತು. ಶಿವಪ್ರಕಾಶ್ ಆಡಿಟರ್ ಸಿಕ್ಕ ಸಂದರ್ಭ ಬಿಡಬಾರದೆಂದು ಸ್ಟೋರಿಗೆ ಹೊಸ ಕಪಾಟು ಬೇಕಾದ ಕಥೆ ತೆಗೆದ. ಬೀರಮ್ಮ ಅಳಿಯನ ವಿಷಯ ತೆಗೆದಳು. ಸುಂದರೇಶ ಎಲ್ಲರಿಗೂ ಹೂಂಗುಟ್ಟುತ್ತ ನಡೆದರು. ಅರವತ್ತೈದು ಸೆಕೆಂಡು.

ಚಿಕ್ಕಣ್ಣನನ್ನು ಕಳೆದರು. ಐವತ್ತನಾಲ್ಕು.

ಶಿವಪ್ರಕಾಶನನ್ನು ಕಳೆದರು. ನಲವತ್ತನಾಲ್ಕು. ಕಪಾಟಿನ ಮಾತು ಮುಗಿದಿರಲಿಲ್ಲವೆಂದು ಅವನು ಬಾಗಿಲಲ್ಲೇ ನಿಂತು ಕೂಗಿ ಹೇಳಿದ್ದನ್ನು ಸುಂದರೇಶ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕರಿಬಸವಯ್ಯನವರನ್ನು ಕುರ್ಚಿಯಲ್ಲಿ ಕೂರಿಸಿ, ಬೀರಮ್ಮನೊಬ್ಬಳ ಜೊತೆ ನಡೆದರು.

"ನಿಮ್ಮನೇಲಿ ಏನ್ ಸಾರು ಸಾಮಿ ಇವತ್ತು?"

"ಹುಳಿ."

"ಯಾವ ಕಾಯಿ?"

"ನುಗ್ಗೇಕಾಯಿ. ಬೇಗ ನಡೀರಮ್ಮ."

"ನಾನ್ ನಡೀತಾನೇ ಇವ್ನಿ. ನೀವೇ ನುಗ್ಗೇಕಾಯಿ ಅಂದ್ಕೂಡ್ಲೇ ನಿಂತ್ಕೊಂಡ್ರಿ."

ಮೂವತ್ತಮೂರು.

ಲಾಸ್ಯ ಗ್ರಾಫಿನ ಹಾಳೆ ಹರಡಿ ನಾಲ್ಕು ಚುಕ್ಕೆ ಇಟ್ಟಳು. ಸುಂದರೇಶ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಸ್ಕೇಲು ಇಟ್ಟಾಗ ನಾಲ್ಕೂ, ಪಂಕ್ತಿಗೆ ಕೂತ ಮಕ್ಕಳಂತೆ, ಒಂದೇ ಸಾಲಿಗೆ ಬಂದವು. ಗೆರೆ ಎಡಕ್ಕೆ ನಡೆದು, ಜೊತೆಗೆ ಯಾರೂ ಇಲ್ಲದ ಅಂಚನ್ನು ಇಪ್ಪತ್ತೆರಡೂವರೆಯ ಬಳಿ ಮುಟ್ಟಿತು. ಸುಂದರೇಶ ಉಸಿರು ಬಿಟ್ಟದ್ದು ಅವಳ ಕಿವಿಗೆ ಬೆಚ್ಚಗೆ ತಾಗಿತು.

"ಈಗ ನಾನೊಬ್ಬನೇ ನಡೀತೀನಿ. ಇಪ್ಪತ್ತೆರಡೂವರೆ ಬಂದ್ರೆ ನಿಮ್ಮ ಚುಕ್ಕೆ ನಿಜ. ಬರದಿದ್ರೆ ಸುಳ್ಳು ಅಂಕಿ. ವಾಚ್ ಹಿಡೀರಿ."

"ನಾನು ವಾಚ್ ಹಿಡಿದು ನಿಂತ್ರೆ ನೀವು ಒಬ್ಬರೇ ಆಗಲ್ಲವಲ್ಲ ಸರ್."

ಸುಂದರೇಶ ಅವಳ ಕೈಯಿಂದ ವಾಚನ್ನು ತೆಗೆದುಕೊಂಡು, ಎಲ್ಲರನ್ನೂ ಲ್ಯಾಬಿನೊಳಗೆ ಕಳಿಸಿ, ಎಲ್ಲರ ಮುಖವೂ ನೀರಿನ ತೊಟ್ಟಿಯ ಕಡೆಗಿದೆಯೆಂದು ಖಾತ್ರಿ ಮಾಡಿಕೊಂಡು, ಹೊರಗಿನಿಂದ ಬಾಗಿಲು ಎಳೆದುಕೊಂಡರು.

ಇಪ್ಪತ್ತೆರಡೂವರೆ ಸೆಕೆಂಡು ಆಯಿತು. ಒಂದು ನಿಮಿಷವೂ ಆಯಿತು. ಐದು ಜನ ಗೋಡೆಗೆ ಹಚ್ಚಿದ ತೊಟ್ಟಿಯನ್ನು ನೋಡುತ್ತ ನಿಂತಿದ್ದರು. ಹೊರಗಿನಿಂದ ಟಪ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಟಪ್ ಟಪ್. ಆಮೇಲೆ ಏನೂ ಇಲ್ಲ. ಆಮೇಲೆ ಯಾರೋ ಮೂಗಿನಲ್ಲೇ ಒಂದು ರಾಗ ಎಳೆದಂತೆ.

"ಮನ್ಸ ಸರಿಗವ್ರಾ?" ಎಂದ ಚಿಕ್ಕಣ್ಣ ಪಿಸುದನಿಯಲ್ಲಿ.

"ತಿರುಗ್ಬ್ಯಾಡ. ಸೊನ್ನೆ ಹೋಯ್ತದೆ," ಎಂದಳು ಬೀರಮ್ಮ.

ಹನ್ನೊಂದು ನಿಮಿಷವಾದ ಮೇಲೆ ಬಾಗಿಲು ತೆರೆಯಿತು. ಸುಂದರೇಶ ಬಂದು ವಾಚನ್ನು ಲಾಸ್ಯಳ ಅಂಗೈಗೆ ಇಟ್ಟರು. ಮುಖ ಎಂದಿನಂತೆಯೇ ಗಂಭೀರ. ಹಣೆಯಲ್ಲಿ ಮಾತ್ರ ಬೆವರಿತ್ತು, ಕಾಲಲ್ಲಿ ಬೂಟು ಇರಲಿಲ್ಲ; ಬೂದು ಬಣ್ಣದ ಕಾಲುಚೀಲಕ್ಕೆ ಸೀಮೆಸುಣ್ಣದ ಪುಡಿ ಮೆತ್ತಿತ್ತು.

"ಇಪ್ಪತ್ತೆರಡೂವರೆ," ಎಂದರು. "ಸರಿಯಾಗಿ."

ಕರಿಬಸವಯ್ಯನವರು ಪೇಪರ್‌ವೇಟನ್ನು ಸರಿಸಿ ಪತ್ರವನ್ನು ಎಳೆದುಕೊಂಡೇಬಿಟ್ಟರು. ಶಿವಪ್ರಕಾಶ್ ಚಪ್ಪಾಳೆ ತಟ್ಟಿದ. ಲಾಸ್ಯ ಅಂಗೈಯಲ್ಲಿದ್ದ ವಾಚನ್ನು ನೋಡಿದಳು.

ಅದು ಮೂವತ್ತಮೂರನ್ನೇ ತೋರಿಸುತ್ತಿತ್ತು. ಬೀರಮ್ಮನ ಜೊತೆ ನಡೆದಾಗಿನ ಮೂವತ್ತಮೂರು. ಆಮೇಲೆ ಅದನ್ನು ಯಾರೂ ಒತ್ತಿರಲಿಲ್ಲ.

ಸುಮ್ಮನಿದ್ದರೆ ಆಯಿತು. ಪೆನ್ನು ಪತ್ರದಿಂದ ಒಂದು ಗೇಣು ದೂರದಲ್ಲಿತ್ತು. ಚುಕ್ಕೆ ನಿಜವೆಂದು ಆಡಿಟರೇ ಹೇಳಿದ್ದಾರೆ; ಅವಳು ಹೇಳಿದ್ದನ್ನು ಒಬ್ಬರು ಒಂದು ಕಾಳೂ ಕಳೆಯದೆ ಒಪ್ಪಿದ್ದಾರೆ. ಆದರೆ ಒಪ್ಪಿದ್ದು ಕಟ್ಟುಕಥೆಯ ಮೇಲೆ. ಈಗ ಬಾಯಿ ಮುಚ್ಚಿಕೊಂಡರೆ ಒಂಬತ್ತು ದಿನ ನಿಜವಾಗಿದ್ದ ಚುಕ್ಕೆ ಈ ಗಳಿಗೆಯಿಂದ ಸುಳ್ಳಾಗುತ್ತದೆ.

"ಸರ್," ಎಂದಳು, "ವಾಚು ಮೂವತ್ಮೂರರಲ್ಲೇ ನಿಂತಿದೆ."

ಕರಿಬಸವಯ್ಯನವರ ಪೆನ್ನು ಗಾಳಿಯಲ್ಲೇ ಉಳಿಯಿತು. "ಸುಮ್ನಿರಮ್ಮ ತಾಯಿ," ಎಂದರು ತುಟಿಯಲ್ಲೇ.

ಸುಂದರೇಶ ಬಗ್ಗಿ ವಾಚು ನೋಡಿದರು. ಅವರ ಕುತ್ತಿಗೆಯಿಂದ ಕೆಂಪು ಹತ್ತಿ, ಕೆನ್ನೆ ದಾಟಿ, ಕಿವಿಯವರೆಗೆ ಹೋಯಿತು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತರು.

"ಒತ್ತಬೇಕು ಅಂತಾನೇ ಗೆರೆ ಮೇಲೆ ನಿಂತ್ಕೊಂಡೆ ಕಣ್ರೀ. ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಫೈಲ್ ಹಿಡಿದವರೂ ಇರಲಿಲ್ಲ. ಮೂವತ್ತು ವರ್ಷ ಆಯ್ತು ಹಾಗೆ ನಿಂತು." ಅವರು ಕಾಲುಚೀಲದ ಸುಣ್ಣವನ್ನು ಕೊಡವಲು ನೋಡಿದರು. "ನೆಲದಲ್ಲಿ ಕೆಂಪು ಬಿಳಿ ಚೌಕ ಇದೆ ನೋಡಿ. ಕೆಂಪು ಮುಟ್ಟದ ಹಾಗೆ, ಬಿಳೀದರಿಂದ ಬಿಳೀದಕ್ಕೆ... ಒಂದೇ ಕಾಲಲ್ಲಿ. ಬೂಟು ಜಾರ್ತಿತ್ತು. ಬಿಚ್ಚಿದೆ. ಆ ತುದಿ ತನಕ ಹೋದೆ, ಒಂದ್ಸಲ ತಪ್ಪಿತು, ವಾಪಸ್ ಬಂದು ಮತ್ತೆ ಹೋದೆ."

"ಕುಂಟೆಬಿಲ್ಲೆ!" ಎಂದಳು ಬೀರಮ್ಮ ಮೆಚ್ಚುಗೆಯಿಂದ.

"ಅದೇ. ವಾಚು ಕೈಯಲ್ಲಿದೆ ಅನ್ನೋದೇ ಮರೆತುಹೋಯ್ತು. ನೆನಪಾದ ಗಳಿಗೆಯಲ್ಲಿ ನೋಡಿ, ಯಾರೋ ಬಂದು ಪಕ್ಕದಲ್ಲಿ ನಿಂತ ಹಾಗಾಯ್ತು. ಬೂಟು ಬಿಟ್ಟು ಓಡಿ ಬಂದ್ಬಿಟ್ಟೆ. ಅಂಕಿ ನಿಮ್ಮ ಹಾಳೆಯಲ್ಲಿತ್ತಲ್ಲ, ಅದನ್ನೇ ಹೇಳಿದೆ."

ಸುಂದರೇಶ ವರದಿಯ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡು ಬರೆಯತೊಡಗಿದರು. ಬರೆದದ್ದನ್ನು ಬರೆದ ಹಾಗೆಯೇ ಗಟ್ಟಿಯಾಗಿ ಓದಿದರು. "ಸೊನ್ನೆಯನ್ನು ನೋಡಲು ಹೋದವನು ಸೊನ್ನೆಯನ್ನು ಒಂದು ಮಾಡುತ್ತಾನೆ. ಆದ್ದರಿಂದ ಅಲ್ಲಿಯ ಬೆಲೆಯನ್ನು ಅಂದಾಜು ಮಾಡಬಹುದೇ ಹೊರತು ನೋಡಲಾಗದು. ಈ ಲ್ಯಾಬಿನ ಅಂದಾಜು ಒಪ್ಪಿತವಾಗಿದೆ." ಹೊಸ ಸಾಲಿಗೆ ಬಂದರು. "ತಪಾಸಣೆಯ ವೇಳೆ ಒಂದು ಸುಳ್ಳು ಅಂಕಿ ಪತ್ತೆಯಾಗಿದೆ. ಹೇಳಿದವರು: ಸುಂದರೇಶ. ಪತ್ತೆ ಹಚ್ಚಿದವರು: ಲಾಸ್ಯ."

"ಅಯ್ಯೋ, ಅದೆಲ್ಲ ಯಾಕೆ ಸಾರ್..." ಎಂದರು ಕರಿಬಸವಯ್ಯ.

"ಇರಲಿ ಬಿಡಿ. ಈಗ ರಿಜಿಸ್ಟರು. ಲಾಸ್ಯ, ಆ ಐದನೇ ಸಾಲಿನಲ್ಲಿ ನಿಮ್ಮ ಹೆಸರಿನ ಮೇಲೆ ಒಂದೇ ಒಂದು ಗೆರೆ ಎಳೀರಿ, ಹೊತ್ತಿನ ಮೇಲೂ. ಪಕ್ಕದಲ್ಲಿ ಅಂದಾಜು ಅಂತ ಬರೀರಿ. ನೋಡಿದವರು ಅನ್ನೋ ಮನೇಲಿ ಏನೂ ಬೇಡ."

"ಖಾಲಿ ಬುಡೋದಾ?" ಕರಿಬಸವಯ್ಯನವರು ಎದೆ ಹಿಡಿದುಕೊಂಡರು.

"ಖಾಲಿನೇ ಬಿಡಬೇಕು. ತುಂಬಿದ್ದೇ ತಪ್ಪು."

ಲಾಸ್ಯ ಗೆರೆ ಎಳೆದಳು. ಕರಿಬಸವಯ್ಯನವರು ಆ ಖಾಲಿ ಮನೆಯನ್ನು ನೋಡಲಾರದೆ ಅತ್ತ ತಿರುಗಿಕೊಂಡು, ಅದೇ ಪೆನ್ನಿನಲ್ಲಿ ಅವಳ ಪತ್ರಕ್ಕೆ ಸಹಿ ಹಾಕಿದರು. ಸಹಿ ತುಸು ಸೊಟ್ಟಗೆ ಬಂತು.

"ಇನ್ನೊಂದು ಮನೆ ಇದೆ," ಎಂದರು ಸುಂದರೇಶ ತಮ್ಮ ವರದಿಯನ್ನು ನೋಡುತ್ತ. "ತಪ್ಪು ಮಾಡಿದವನು ಇನ್ನು ಮುಂದೆ ಏನು ಮಾಡಬೇಕು? ಇದನ್ನ ಪತ್ತೆ ಹಚ್ಚಿದವರೇ ಹೇಳಬೇಕು."

ಲಾಸ್ಯ ಯೋಚಿಸಿದಳು. "ವಾರಕ್ಕೊಂದ್ಸಲ ಒಬ್ಬರೇ ನಡೀಬೇಕು ಸರ್. ಯಾವ ಕಾರಿಡಾರ್ ಆದ್ರೂ ಸರಿ."

"ಎಷ್ಟು ಹೊತ್ತು?"

"ಅದನ್ನ ಬರ್ಕೋಬಾರ್ದು."

ಅವರು ಅದನ್ನೂ ಬರೆದರು, ಕೆಳಗೆ ಸಹಿ ಹಾಕಿದರು, ಹಾಳೆ ಮಡಿಸಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡು, "ಬೂಟು ಹೊರಗಿದೆ. ತಂದ್ಬಿಡ್ತೀನಿ," ಎಂದು ಬಾಗಿಲ ಕಡೆ ಹೊರಟರು. ತಾನು ತರುತ್ತೇನೆಂದು ಮುಂದೆ ನುಗ್ಗಿದ ಚಿಕ್ಕಣ್ಣನನ್ನು ಬೀರಮ್ಮ ಷರಟು ಹಿಡಿದು ಎಳೆದಳು. ಬಾಗಿಲು ಮುಚ್ಚಿತು. ಯಾರೂ ಹೇಳಿರಲಿಲ್ಲ, ಐವರೂ ತೊಟ್ಟಿಯ ಕಡೆ ತಿರುಗಿ ನಿಂತರು.

ಹೊರಗೆ ಟಪ್ ಎಂದಿತು. ಟಪ್ ಟಪ್.

ಶಿವಪ್ರಕಾಶ್ ಕಪಾಟಿನ ಅರ್ಜಿಯನ್ನು ಈಗಲೇ ಬರೆದುಕೊಡಬಹುದೇ ಎಂದು ಕರಿಬಸವಯ್ಯನವರನ್ನು ಮೊಣಕೈಯಲ್ಲಿ ತಿವಿದು ಕೇಳಿದ. ಅವರು ಷ್ ಎಂದರು. ಗಡಿಯಾರ ಐದು ದಾಟಿತ್ತು, ಕಾರ್ಖಾನೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಲಾಸ್ಯ ಪತ್ರವನ್ನು ಎದೆಗವುಚಿಕೊಂಡು ಗೋಡೆ ನೋಡುತ್ತ ನಿಂತೇ ಇದ್ದಳು.

"ಎರಡ್ನೇ ಸಲಾನೂ ತಪ್ಪಿದ್ರು ಅಂತ ಕಾಣ್ತದೆ," ಎಂದಳು ಬೀರಮ್ಮ. "ಇನ್ನೊಂದ್ ಆಟ ಆಡ್ಕಳ್ಳಿ ಬುಡಿ. ಬಸ್ಸು ಕಾಯ್ತದೆ."